ಹುಲಿಗೊಬ್ಬ ಸೂರ್ಯ, ಮರಕ್ಕೊಬ್ಬ ಸೂರ್ಯ

ಆ ಬಿಳಿ ಹುಲಿಯ ಫೋಟೊ ನಿಮಗೂ ಬಂದಿರುತ್ತದೆ. ಮೊಣಕಾಲುದ್ದ ಹಿಮ, ಹಿಂದೆ ದೇವದಾರು ಮರಗಳ ಸಾಲು, ಮಧ್ಯೆ ಗಂಭೀರವಾಗಿ ನಿಂತ ಹುಲಿ. 'ದಟ್ಟ ಕಾಡಿನಲ್ಲಿ ಮುಖಾಮುಖಿ' ಅಂತ ಕ್ಯಾಪ್ಷನ್ ಬೇರೆ. ಹುಲಿಯ ನೆರಳು ಬಲಕ್ಕೆ ಬಿದ್ದಿದೆ, ಮರಗಳದ್ದು ಎಡಕ್ಕೆ. ಮೃಗಾಲಯದ ಬೇಲಿಯ ಜಾಲರಿಯನ್ನು ಫೋಟೊದಿಂದ ಅಳಿಸುವ ಭರದಲ್ಲಿ ಒಂದು ಕಡೆಯ ಮೀಸೆಯೂ ಹೋಗಿದೆ. ಆದರೂ ಲೈಕುಗಳ ಸುರಿಮಳೆ.

ಬಿಳಿ ಹುಲಿ ಹಿಮದ ನಾಡಿನದ್ದಲ್ಲ ಸ್ವಾಮಿ. ಬಂಗಾಳ ಹುಲಿಯಲ್ಲೇ ಅಪರೂಪಕ್ಕೆ ಬರುವ ಬಣ್ಣ ಅದು. 1951ರಲ್ಲಿ ಇಂದಿನ ಮಧ್ಯಪ್ರದೇಶದ ರೇವಾದ ಮಹಾರಾಜರು ಮೋಹನ್ ಎಂಬ ಮರಿಯನ್ನು ಹಿಡಿಸಿದ್ದರು. ಇವತ್ತಿನ ಜೂಗಳ ಬಿಳಿ ಹುಲಿಗಳ ವಂಶಾವಳಿ ತೆಗೆದರೆ ಬಹುಪಾಲು ಅವನ ಹತ್ತಿರವೇ ಹೋಗಿ ನಿಲ್ಲುತ್ತದೆ. ಅಂಥದ್ದು ನಿಜವಾಗಿಯೂ ಕಾಡಿನಲ್ಲಿ ಸಿಕ್ಕಿದ್ದರೆ ಪತ್ರಿಕೆಗಳ ಮುಖಪುಟಕ್ಕೆ ಬರುತ್ತಿತ್ತು. ಈ ಫೋಟೊ ಹಾಕಿದವರಿಗೆ ರಜಾದಿನ ಮಧ್ಯಾಹ್ನ, ಊಟ ಮುಗಿಸಿ ಬಂದಾಗ ಸಿಕ್ಕಿದೆ. ಪುಣ್ಯವಂತರು!

ಮೃಗಾಲಯದಲ್ಲಿ ಫೋಟೊ ತೆಗೆಯುವುದೇನೂ ತಪ್ಪಲ್ಲ. ಲೆನ್ಸನ್ನು ಜಾಲರಿಗೆ ಒತ್ತಿ ಹಿಡಿದು, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಪೂರ್ತಿ ತೆರೆದು, ಪ್ರಾಣಿ ಸ್ವಲ್ಪ ದೂರ ಹೋಗುವವರೆಗೆ ಕಾದರೆ ತಂತಿಗಳು ತಾವಾಗಿಯೇ ಕರಗಿ ಹೋಗುತ್ತವೆ. ಅದೂ ಒಂದು ಕೈಚಳಕವೇ. ಆದರೆ ರಾತ್ರಿಯೆಲ್ಲ ಕೂತು ಒಂದೊಂದೇ ಕೂದಲಿನ ಸುತ್ತ ಹಿಮ ತುಂಬುವವರಿಗೆ 'ಜೂ' ಅಂತ ಬರೆಯೋಕೆ ಮಾತ್ರ ಪುರುಸೊತ್ತಿಲ್ಲ.

ಇವರಿಗೂ ಗುರುಪರಂಪರೆ ಇದೆ ಬಿಡಿ. ಸ್ವೀಡನ್‌ನಲ್ಲಿ ಒಬ್ಬ ಪ್ರಶಸ್ತಿವಿಜೇತರು ಬೇರೆಯವರು ತೆಗೆದ ಫೋಟೊದ ಲಿಂಕ್ಸ್ ಎಂಬ ಕಾಡುಬೆಕ್ಕನ್ನು ತಮ್ಮ ಕಾಡಿನ ಫೋಟೊಗೆ ಅಂಟಿಸುತ್ತಿದ್ದರು. 2011ರಲ್ಲಿ ಸಿಕ್ಕಿಬಿದ್ದರು. ಜುಲೈ ತಿಂಗಳ ಫೋಟೊದಲ್ಲಿ ಪ್ರಾಣಿ ಚಳಿಗಾಲದ ದಪ್ಪ ತುಪ್ಪಳ ಹೊದ್ದು ನಿಂತಿತ್ತು, ಪಾಪ. ನನಗೆ ಇನ್ನೂ ಇಷ್ಟವಾಗೋದು ಚೀನಾದ ಕಥೆ. 2007ರಲ್ಲಿ ಅಲ್ಲಿನ ರೈತನೊಬ್ಬ, ಕಾಡಿನಿಂದ ಮರೆಯಾಯಿತು ಅಂದುಕೊಂಡಿದ್ದ ದಕ್ಷಿಣ ಚೀನಾ ಹುಲಿಯ ಫೋಟೊಗಳನ್ನು ತಂದ. ಪ್ರಾಂತ್ಯದ ಅರಣ್ಯ ಇಲಾಖೆ ಪತ್ರಿಕಾಗೋಷ್ಠಿ ಕರೆಯಿತು, ಬಹುಮಾನ ಕೊಟ್ಟಿತು. ಜನ ನೋಡಿದರು. ಯಾವ ಫೋಟೊದಲ್ಲೂ ಹುಲಿ ಕಿವಿಯನ್ನೇ ಅಲ್ಲಾಡಿಸಿಲ್ಲ! ಕೊನೆಗೆ ಯಾರದೋ ಮನೆ ಗೋಡೆಯ ಪೋಸ್ಟರಿನಲ್ಲಿ ಅದೇ ಹುಲಿ, ಅದೇ ಪಟ್ಟೆ ಸಿಕ್ಕಿತು. ಮರುವರ್ಷ ರೈತನ ಬಂಧನವಾಗಿ ಶಿಕ್ಷೆಯಾಯಿತು, ಹಲವು ಅಧಿಕಾರಿಗಳ ಕೆಲಸ ಹೋಯಿತು. ಆ ರೈತ ಪೋಸ್ಟರನ್ನು ಹೊತ್ತು ಕಾಡಿಗಾದರೂ ಹೋಗಿದ್ದ. ನಮ್ಮವರು ಅಷ್ಟು ಕಷ್ಟವನ್ನೂ ಪಡುವುದಿಲ್ಲ. ಕಾಡೇ ಮನೆಗೆ ಬರುತ್ತದೆ.

ಇಷ್ಟರವರೆಗೆ ನಗಬಹುದು. ಆದರೆ ಮೃಗಾಲಯದ ಬೇಲಿಯ ಪಕ್ಕದ ನೆಲವನ್ನು ಯಾವತ್ತಾದರೂ ನೋಡಿದ್ದೀರಾ? ಹುಲ್ಲು ಸವೆದು, ಮಣ್ಣು ಗಟ್ಟಿಯಾಗಿ, ಉದ್ದಕ್ಕೆ ಒಂದು ಕಾಲುದಾರಿ ಬಿದ್ದಿರುತ್ತದೆ. ಹುಲಿ ಅದರಲ್ಲೇ ಹೋಗುತ್ತದೆ, ಮೂಲೆಯಲ್ಲಿ ಅದೇ ಜಾಗಕ್ಕೆ ಕಾಲಿಟ್ಟು ತಿರುಗುತ್ತದೆ, ಅದರಲ್ಲೇ ವಾಪಸ್ ಬರುತ್ತದೆ. ಮತ್ತೆ ಹೋಗುತ್ತದೆ. ಅದು ಮೋಜಿಗೆ ಅಡ್ಡಾಡುವುದಲ್ಲ. ಮಾಡಲು ಇನ್ನೇನೂ ಇಲ್ಲದ ಪ್ರಾಣಿ ಹಾಗೆ ಮಾಡುತ್ತದೆ. ಎಡಿಟ್ ಮಾಡುವವರು ಮೊದಲು ಮುಚ್ಚುವುದು ಆ ದಾರಿಯನ್ನೇ, ಫೋಟೊದ ಅಂದ ಕೆಡುತ್ತದೆ ಅಂತ. ನನಗೆ ಸಿಟ್ಟು ಬರುವುದು ಹಿಮಕ್ಕಲ್ಲ, ನೆರಳಿಗಲ್ಲ, ಇದಕ್ಕೆ. ಆ ದಾರಿ ಫೋಟೊದಲ್ಲಿ ಉಳಿದಿದ್ದರೆ ಯಾರಾದರೂ ಒಬ್ಬರು, ಈ ಹುಲಿಗೆ ಇನ್ನೊಂದಿಷ್ಟು ಜಾಗ ಕೊಡಬಾರದಾ ಅಂತ ಕೇಳುತ್ತಿದ್ದರೇನೋ. ಈಗ ಎಲ್ಲರೂ ಕೇಳುತ್ತಿರುವುದು ಒಂದೇ: ಯಾವ ಲೆನ್ಸ್ ಸಾರ್?