ಸಿವಿಲ್ ಸಿಕ್ತಂತೆ, ಪಾಪ

ಸಿಇಟಿ ಸೀಟು ಹಂಚಿಕೆಯಾದ ಸಂಜೆ ಪಕ್ಕದ ಮನೆಯಲ್ಲಿ ಸೂತಕದ ಕಳೆ. ಗಾಬರಿಯಾಗಿ ಹೋಗಿ ವಿಚಾರಿಸಿದೆ. "ಹುಡುಗನಿಗೆ ಸಿವಿಲ್ ಸಿಕ್ತು ಸಾರ್" ಎಂದರು ಅವರಪ್ಪ, ದನಿ ತಗ್ಗಿಸಿ. ಒಳಗಿಂದ ಅಜ್ಜಿ, "ಮುಂದಿನ ರೌಂಡಲ್ಲಿ ವಾಸಿಯಾಗುತ್ತೆ, ಸುಮ್ನಿರೋ" ಎಂದು ಸಮಾಧಾನ ಹೇಳುತ್ತಿದ್ದರು.

ಗೋಡೆಯ ಮೇಲಿಂದ ಪೇಟ ಸುತ್ತಿದ ಸರ್ ಎಂ.ವಿ. ನೋಡುತ್ತಿದ್ದರು. ಅವರೂ ಪಾಪ, ಪುಣೆಗೆ ಹೋಗಿ ಸಿವಿಲ್ ಓದಿದವರೇ. ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಅವರದೇ ಹೆಸರು, ಸೆಪ್ಟೆಂಬರ್ 15ರಂದು ಎಲ್ಲಾ ಕಾಲೇಜಿನಲ್ಲೂ ಅವರಿಗೆ ಹಾರ. ಹಾರ ಹಿಡಿಯಲು ಮಾತ್ರ ಕಂಪ್ಯೂಟರ್ ಸೈನ್ಸ್ ಹುಡುಗರನ್ನು ಕರೆಸಬೇಕು. ಸಿವಿಲ್ ಕ್ಲಾಸಿನಲ್ಲಿ ಬೆಂಚುಗಳಿವೆ ಅಷ್ಟೆ.

ಈಗ ಎಂಜಿನಿಯರಿಂಗ್ ಅಂದರೆ ಕಂಪ್ಯೂಟರ್ ಸೈನ್ಸ್. ಅದು ಸಿಗದಿದ್ದರೆ ಎಐ-ಎಂಎಲ್. ಅದೂ ಇಲ್ಲವೇ, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ, ಐಒಟಿ. ಒಂದೇ ಹಿಟ್ಟು, ಸೆಟ್ಟು, ಖಾಲಿ, ಈರುಳ್ಳಿ ಅಂತ ಬೋರ್ಡ್ ಬೇರೆ. ಅದೇ ಹಿಟ್ಟನ್ನು ಬಿಎಸ್ಸಿ ತಟ್ಟೆಯಲ್ಲಿ ಕೊಟ್ಟು ನೋಡಿ. "ಬರೀ ಬಿಎಸ್ಸಿನಾ?" ಅಂತ ಮೂಗು ಮುರಿಯುತ್ತಾರೆ.

ವ್ಯತ್ಯಾಸ ಏನು ಅಂತ ನನ್ನನ್ನು ಕೇಳಿ. ನಾನು ಬಿಇ ಕಂಪ್ಯೂಟರ್ ಸೈನ್ಸ್. ಮೊದಲ ವರ್ಷ ನಕ್ಷೆ ಬರೆಯುವ ಡ್ರಾಫ್ಟರ್ ಹೆಗಲಿಗೇರಿಸಿ ಬಸ್ಸು ಹತ್ತಿದವನು. ವರ್ಕ್‌ಶಾಪಿನಲ್ಲಿ ಮೇಷ್ಟ್ರು "ಫೈಲ್ ತಗೊಳ್ರೋ" ಎಂದಾಗ ಪಕ್ಕದವನು ರೆಕಾರ್ಡ್ ಬುಕ್ ತೆಗೆದ. ಮೇಷ್ಟ್ರು ಅವನ ಕೈಗೆ ಅರ ಕೊಟ್ಟರು. ವಾರಗಟ್ಟಲೆ ಉಜ್ಜಿದರೂ ನನ್ನ ಕಬ್ಬಿಣದ ತುಂಡು ಚೌಕವಾಗಲಿಲ್ಲ. ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದರೆ ಸಂದಿಯಲ್ಲಿ ಅರ್ಧ ಶೆಡ್ ಕಾಣುತ್ತಿತ್ತು. ಆ ಸೊಟ್ಟ ಚೌಕ ಇದೆಯಲ್ಲ, ನನಗೂ ಬಿಎಸ್ಸಿ ಹುಡುಗನಿಗೂ ಇರುವ ವ್ಯತ್ಯಾಸ ಅದೇ. ಅದರ ಬಲದ ಮೇಲೆಯೇ ನಾನು ಎಂಜಿನಿಯರ್.

ಕಂಪ್ಯೂಟರ್ ಸೈನ್ಸ್‌ಗೆ ನಿಜವಾಗಿ ಕಬ್ಬಿಣ ಬೇಡ, ಕೆಲವು ಸಲ ಕಂಪ್ಯೂಟರ್ ಕೂಡ ಬೇಡ. ಕೋನಿಗ್ಸ್‌ಬರ್ಗ್ ಎಂಬ ಊರಿನಲ್ಲಿ ಏಳು ಸೇತುವೆ ಇದ್ದವು. ಒಂದನ್ನೂ ಬಿಡದೆ, ಯಾವುದನ್ನೂ ಎರಡು ಸಲ ತುಳಿಯದೆ ಅವನ್ನು ದಾಟಲು ಆಗಲ್ಲ ಅಂತ 1736ರಲ್ಲಿ ಆಯ್ಲರ್ ಎಂಬ ಗಣಿತಜ್ಞ ತೋರಿಸಿದ. ನಾವು ಓದುವ ಗ್ರಾಫ್ ಥಿಯರಿ, ಅಂದರೆ ಚುಕ್ಕೆಗಳನ್ನು ಗೆರೆಗಳಿಂದ ಜೋಡಿಸಿ ಲೆಕ್ಕ ಹಾಕುವ ಗಣಿತ, ಶುರುವಾದದ್ದೇ ಅಲ್ಲಿಂದ. ಆಗಲ್ಲ ಅಂತ ಸಾಧಿಸಿ ಮನೆಗೆ ಹೋಗುವುದು ನಮ್ಮ ಕಸುಬು. ಸಿವಿಲ್‌ನವರನ್ನು ಕೇಳಿ, "ಎಂಟನೇದು ಕಟ್ಟೋಣ ಬಿಡಿ" ಅನ್ನುತ್ತಾರೆ. ತಮಾಷೆ ಏನಂದ್ರೆ, ಒಂದು ದಡದಿಂದ ಇನ್ನೊಂದಕ್ಕೆ ಎಲ್ಲಿ ಕಟ್ಟಿದರೂ ಸಾಕು, ದಾಟಬಹುದು!

ಇದನ್ನೆಲ್ಲ ಆ ಅಪ್ಪನಿಗೆ ಹೇಳಿದೆ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. "ನೀವು ಎಂಜಿನಿಯರ್ ಅಲ್ವಾ ಸಾರ್, ನಮ್ಮ ತಾರಸಿ ಸೋರ್ತಿದೆ, ಸ್ವಲ್ಪ ನೋಡ್ತೀರಾ?"

ನೋಡಿದೆ. ಸೋರುತ್ತಿತ್ತು.

"ಮಗನನ್ನು ಕರೀರಿ, ಇನ್ನು ಅವನದೇ ಇಲಾಖೆ" ಎಂದೆ.

"ಅವನು ಬ್ಯುಸಿ ಸಾರ್. ಒಳಗೆ ಪೈಥಾನ್ ಕೋರ್ಸಿಗೆ ದುಡ್ಡು ಕಟ್ತಿದ್ದಾನೆ" ಎನ್ನುತ್ತಾ ಅವರು ಹನಿ ಬೀಳುವಲ್ಲಿಗೆ ಬಕೆಟ್ ಸರಿಸಿದರು.