ಮೂಲೆ ಮಡಚಿದ ಕಾರ್ಡು

ಕಾರ್ಡುಗಳನ್ನು ಜೋಡಿಸಿಡುವ ನನ್ನ ಬೈಂಡರಿನ ಮೂರನೆಯ ಪುಟದಲ್ಲಿ ಒಂದು ಪೋಕೆಮಾನ್ ಕಾರ್ಡಿದೆ. ಆಡಲು, ಕೂಡಿಡಲು, ಅದಲುಬದಲು ಮಾಡಿಕೊಳ್ಳಲು ಇರುವ ಟ್ರೇಡಿಂಗ್ ಕಾರ್ಡು ಅದು. ಅದರ ಬಲಮೇಲಿನ ಮೂಲೆ ಮಡಚಿಕೊಂಡು, ಬಣ್ಣ ಸಿಪ್ಪೆಯೆದ್ದು, ಒಳಗಿನ ಬಿಳಿ ಕಾಗದ ಇಣುಕುತ್ತಿದೆ. ಅದನ್ನು ಮಡಚಿದವನು ನಾನೇ. ಅದೂ ಹೊಸ ಪ್ಲಾಸ್ಟಿಕ್ ಸ್ಲೀವಿನೊಳಗೆ ತೂರಿಸುವಾಗ, ಅಂದರೆ ಅದನ್ನು ಕಾಪಾಡಲೆಂದು ಹೊರಟ ಗಳಿಗೆಯಲ್ಲಿ. ಇದೇ ಪ್ರಾಣಿಯ ಕಾರ್ಡು ನನ್ನ ಫೋನಿನ ಆಟದಲ್ಲಿಯೂ ಇದೆ. ಅದಕ್ಕೆ ಗೀರಿಲ್ಲ, ಧೂಳಿಲ್ಲ, ಬೆರಳಾಡಿಸಿದರೆ ಅತ್ತಿತ್ತ ವಾಲಿ ಮಿನುಗುವ ಬಿನ್ನಾಣ ಬೇರೆ. ಆದರೂ ಎರಡರಲ್ಲಿ ಒಂದನ್ನು ಮಾತ್ರ ಇಟ್ಟುಕೋ ಎಂದರೆ ನನ್ನ ಕೈ ಹೋಗುವುದು ಮೂಲೆ ಮಡಚಿದ್ದರ ಕಡೆಗೇ.

ವಾಸ್ತವವಾಗಿ ನೋಡಿದರೆ ಅದು ಅರವತ್ಮೂರು ಮಿಲಿಮೀಟರ್ ಅಗಲದ, ಎಂಬತ್ತೆಂಟು ಮಿಲಿಮೀಟರ್ ಉದ್ದದ ಒಂದು ರಟ್ಟಿನ ಚೂರು. ಆದರೆ ಅದಕ್ಕೊಂದು ಮೈಯಿದೆ, ಮೈಯಿರುವುದರಿಂದ ಸ್ವಭಾವವೂ ಇದೆ. ಹೊಳಪಿನ ಫಾಯಿಲ್ ಕಾರ್ಡುಗಳನ್ನೇ ನೋಡಿ: ಕಾಗದ ಗಾಳಿಯ ತೇವವನ್ನು ಹೀರುತ್ತದೆ, ಮೇಲಿನ ಲೋಹದ ಪೊರೆ ಹೀರುವುದಿಲ್ಲ, ಹೀಗಾಗಿ ತೇವದ ದಿನಗಳಲ್ಲಿ ಕಾರ್ಡು ಒಂದು ಕಡೆಗೆ ಬಾಗಿದರೆ, ಒಣಹವೆಯಲ್ಲಿ ಇನ್ನೊಂದು ಕಡೆಗೆ ಬಾಗುತ್ತದೆ. ಸಂಗ್ರಾಹಕರು ಇದಕ್ಕೆ ಗೊಣಗುತ್ತಾರೆ, ದಪ್ಪ ಪುಸ್ತಕಗಳಡಿಯಲ್ಲಿ ಒತ್ತಿಡುತ್ತಾರೆ. ಪರದೆಯ ಮೇಲಿನ ಕಾರ್ಡು ಇಂಥ ತಂಟೆಯನ್ನೇನೂ ಮಾಡುವುದಿಲ್ಲ. ಮಾಡುವುದಿಲ್ಲವೆಂಬ ಕಾರಣಕ್ಕೇ ಅದರ ಬಗ್ಗೆ ನಾನು ಒಂದು ನಿಮಿಷವೂ ಚಿಂತಿಸಿದ್ದಿಲ್ಲ.

ಅಪರೂಪ ಎಂಬ ಮಾತನ್ನೂ ಇಲ್ಲಿ ಎತ್ತಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಿಗರೇಟಿನ ಮೆತ್ತನೆಯ ಪೊಟ್ಟಣ ನಜ್ಜುಗುಜ್ಜಾಗದಿರಲೆಂದು ಒಳಗೆ ಇಡುತ್ತಿದ್ದ ರಟ್ಟಿನ ಮೇಲೆ ಚಿತ್ರಗಳು ಅಚ್ಚಾದವು. ಕಾರ್ಡು ಕೂಡಿಡುವ ಈ ಹವ್ಯಾಸದ ಹುಟ್ಟು ಅಷ್ಟು ಸಾಧಾರಣವಾದದ್ದು. 1909ರಿಂದ 1911ರವರೆಗೆ ಅಮೆರಿಕದ ತಂಬಾಕು ಪೊಟ್ಟಣಗಳಲ್ಲಿ ಬಂದ ಸರಣಿಯಲ್ಲಿ ಹೋನಸ್ ವ್ಯಾಗ್ನರ್ ಎಂಬ ಬೇಸ್‌ಬಾಲ್ ಆಟಗಾರನ ಕಾರ್ಡಿನ ಮುದ್ರಣ ಬೇಗನೆ ನಿಂತುಹೋಯಿತು. ಉಳಿದಿರುವ ಕೆಲವೇ ಪ್ರತಿಗಳಲ್ಲಿ ಒಂದು 2022ರಲ್ಲಿ 72.5 ಲಕ್ಷ ಡಾಲರಿಗೆ ಮಾರಾಟವಾಯಿತು. ಅದೇ ವರ್ಷ 126 ಲಕ್ಷ ಡಾಲರಿಗೆ ಹೋದ 1952ರ ಕಾರ್ಡಿನ, ಮಿಕಿ ಮ್ಯಾಂಟಲ್ ಎಂಬ ಇನ್ನೊಬ್ಬ ಬೇಸ್‌ಬಾಲ್ ಆಟಗಾರನದ್ದರ, ಕತೆ ಇನ್ನೂ ಸೊಗಸಾಗಿದೆ. 1952ರ ಆ ಕಾರ್ಡುಗಳು ಮಾರಾಟವಾಗದೆ ಗೋದಾಮಿನಲ್ಲಿ ಜಾಗ ತಿನ್ನುತ್ತಿದ್ದುದರಿಂದ, ಅವುಗಳನ್ನು ರೂಪಿಸಿದ ಸೈ ಬರ್ಗರ್ ಅವರೇ ಮುಂದೆ ಹೇಳಿಕೊಂಡಂತೆ, ಪೆಟ್ಟಿಗೆಗಟ್ಟಲೆ ಕಾರ್ಡುಗಳನ್ನು ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿದರಂತೆ. ಕಸವೆಂದು ಎಸೆದದ್ದು ಹೋಗಿ ಉಳಿದದ್ದು ಬಂಗಾರವಾಯಿತು. ಆಟದ ತಂತ್ರಾಂಶದಲ್ಲಿ ಕಾರ್ಡು ಅಪರೂಪವಾಗುವುದು ಕಂಪನಿಯೊಂದು ಹಾಗೆಂದು ಅಂಕಿ ಬರೆದಿಟ್ಟ ಮಾತ್ರಕ್ಕೆ. ಅಲ್ಲಿ ಯಾವ ಗೋದಾಮೂ ತುಂಬುವುದಿಲ್ಲ, ಯಾವ ತಾಯಿಯೂ ಮಗನ ಪೆಟ್ಟಿಗೆಯನ್ನು ರದ್ದಿಗೆ ಹಾಕುವುದಿಲ್ಲ.

ವ್ಯಾಗ್ನರ್ ಇರುವ ಸರಣಿಗೆ ಟಿ206 ಎಂದು ಹೆಸರು ಕೊಟ್ಟವರು ಸಂಗ್ರಾಹಕ ಜೆಫರ್ಸನ್ ಬರ್ಡಿಕ್. ಅವರು ಲಕ್ಷಗಟ್ಟಲೆ ಮುದ್ರಿತ ಚೂರುಪಾರುಗಳನ್ನು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಮ್ಮಿಗೆ ಕೊಟ್ಟು, ಸಂಧಿವಾತದಿಂದ ಸೆಟೆದ ಕೈಗಳಲ್ಲಿಯೇ ವರ್ಷಗಟ್ಟಲೆ ಕೂತು ಒಂದೊಂದನ್ನೂ ಆಲ್ಬಮ್ಮಿಗೆ ಅಂಟಿಸಿದರು. 1963ರ ಜನವರಿಯಲ್ಲಿ ಆ ಕೆಲಸ ಮುಗಿಯಿತು, ಮಾರ್ಚಿನಲ್ಲಿ ಅವರು ತೀರಿಕೊಂಡರು. ಅಂಟು! ಇಂದಿನ ಸಂಗ್ರಾಹಕ ಈ ಮಾತು ಕೇಳಿದರೆ ಎದೆ ಹಿಡಿದುಕೊಳ್ಳುತ್ತಾನೆ. ಅವನು ಕಾರ್ಡನ್ನು ಗ್ರೇಡಿಂಗಿಗೆ ಕಳಿಸಿ, ಅಂಚು, ಮೂಲೆ, ಮೇಲ್ಮೈ, ಚಿತ್ರ ನಟ್ಟನಡುವೆ ಕೂತಿದೆಯೇ ಎಂಬುದನ್ನೆಲ್ಲ ಅಳೆಸಿ, ಹತ್ತಕ್ಕೆ ಇಷ್ಟೆಂಬ ಅಂಕದೊಡನೆ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮೊಹರು ಮಾಡಿಸಿಕೊಳ್ಳುತ್ತಾನೆ. ಹಾಗೆ ಬೀಗಮುದ್ರೆಯಾದ ಕಾರ್ಡನ್ನು ಯಾರೂ ಮುಟ್ಟುವಂತಿಲ್ಲ, ನೋಡಬಹುದಷ್ಟೆ. ಪರದೆಯ ಕಾರ್ಡನ್ನು ಹೀಗಳೆಯುವ ನಮ್ಮಂಥವರು ಕೈಯಲ್ಲಿರುವುದನ್ನೇ ಗಾಜಿನಾಚೆಯ ಚಿತ್ರವಾಗಿಸಿಕೊಳ್ಳುವುದು ನನಗಂತೂ ವಿಚಿತ್ರವಾಗಿ ಕಾಣುತ್ತದೆ.

ಡಿಜಿಟಲ್ ಕಾರ್ಡಿನ ಮೇಲೆ ನನಗೇನೂ ಹಗೆಯಿಲ್ಲ. ಆಟವಾಡುವುದಕ್ಕಷ್ಟೇ ಆದರೆ ಅದೇ ಸುಖ. ಕಲಸುವ ಕೆಲಸವಿಲ್ಲ, ಎಣಿಕೆ ತಪ್ಪುವುದಿಲ್ಲ, ನಡುರಾತ್ರಿಯಲ್ಲೂ ಎದುರಾಳಿ ಸಿಗುತ್ತಾನೆ. ಆದರೆ ಹರ್ತ್‌ಸ್ಟೋನಿನಂಥ ಆಟದಲ್ಲಿ ಕಾರ್ಡೊಂದು ಅತಿ ಬಲಶಾಲಿಯೆನಿಸಿದರೆ ತಯಾರಕರು ಅದರ ಅಂಕಿಗಳನ್ನೇ ಬದಲಿಸುತ್ತಾರೆ, ಬೆಳಗಾಗುವಷ್ಟರಲ್ಲಿ ಎಲ್ಲರ ಬಳಿಯಿರುವ ಪ್ರತಿಯೂ ಬೇರೆಯಾಗಿರುತ್ತದೆ. ಮ್ಯಾಜಿಕ್ ಎಂಬ ಆಟದ 1993ರ ಕಾಗದದ ಕಾರ್ಡಿನ ನಿಯಮವೂ ಪಂದ್ಯಗಳಲ್ಲಿ ಬದಲಾಗಿರಬಹುದು. ಕಾಗದದ ಮೇಲಿನ ಅಕ್ಷರ ಮಾತ್ರ ಅಚ್ಚಾದಂತೆಯೇ ಇದೆ. ಪೋಕೆಮಾನಿನ ಹಳೆಯ ಆನ್‌ಲೈನ್ ಆಟ 2023ರಲ್ಲಿ ಮುಚ್ಚಿ ಅದರ ಜಾಗಕ್ಕೆ ಹೊಸದು ಬಂದಾಗ, ಆ ಹೊಸದರಲ್ಲಿ ಆಟಗಾರರು ಪರಸ್ಪರ ಕಾರ್ಡು ಬದಲಾಯಿಸಿಕೊಳ್ಳುವ ಸೌಲಭ್ಯವೇ ಇರಲಿಲ್ಲ.

ವಿನಿಮಯವಿಲ್ಲದ ಟ್ರೇಡಿಂಗ್ ಕಾರ್ಡು! ಈ ಹವ್ಯಾಸದ ರುಚಿಯೆಲ್ಲ ಇರುವುದು ಅಲ್ಲಿಯೇ ಅಲ್ಲವೇ? ಮೇಜಿನ ಮೇಲೆ ಎರಡು ಬೈಂಡರುಗಳು ಅದಲುಬದಲಾಗುತ್ತವೆ. ಎದುರಿನವನು ಸರಸರ ಪುಟ ತಿರುವುತ್ತಾ ಒಂದು ಕಡೆ ಅರೆಕ್ಷಣ ತಡೆದು, ಏನೂ ಆಗಲಿಲ್ಲವೆಂಬಂತೆ ಮುಂದಕ್ಕೆ ಹೋಗುತ್ತಾನೆ. ಆ ಅರೆಕ್ಷಣವನ್ನು ಗುರುತಿಸಿದವನಿಗೆ ಅರ್ಧ ವ್ಯವಹಾರ ಕುದುರಿದಂತೆಯೇ. ಆಮೇಲೆ ಕಾರ್ಡನ್ನು ಹೊರತೆಗೆದು, ಬೆಳಕಿಗೆ ಓರೆಯಾಗಿ ಹಿಡಿದು ಗೀರು ಹುಡುಕುವುದು, ಹಿಂಬದಿಯ ಅಂಚಿನ ಬಿಳಿಚುಕ್ಕೆಯನ್ನು ತೋರಿಸಿ ರಾಗ ಎಳೆಯುವುದು, ಕೊಡುವವನು ಅದು ಪ್ಯಾಕಿನಿಂದಲೇ ಹಾಗೆ ಬಂದದ್ದೆಂದು ಸಾಧಿಸುವುದು, ಇವೆಲ್ಲ ಉಂಟು.

ಹೀಗೊಂದು ಕೂಟದಲ್ಲಿಯೇ ನನ್ನ ಮೂರನೆಯ ಪುಟದ ಕಾರ್ಡಿನ ಇನ್ನೊಂದು ಪ್ರತಿ ನನಗೆ ಸಿಕ್ಕಿತು. ನಾಲ್ಕು ಮೂಲೆಗಳೂ ನೆಟ್ಟಗಿದ್ದವು. ಅದಕ್ಕಾಗಿ ಎರಡು ಒಳ್ಳೆಯ ಕಾರ್ಡುಗಳನ್ನು ಕೊಟ್ಟೆ. ಹಳೆಯದನ್ನು ತೆಗೆದುಬಿಡೋಣವೆಂದು ಹೊರಟವನು, ಕೊನೆಗೆ ಹೊಸದನ್ನು ಅದೇ ಜೇಬಿನಲ್ಲಿ ಅದರ ಬೆನ್ನಿಗೆ ಇಳಿಸಿದೆ. ಪುಟ ತಿರುವಿದರೆ ಇಂದಿಗೂ ಮುಂದೆ ಕಾಣುವುದು ಮೂಲೆ ಮಡಚಿದ್ದೇ.