ಚಿಕ್ಕದು ಕೇಳಿದರೆ ಬಜೆಟ್ ಯಾಕೆ ಕೇಳುತ್ತೀರಿ?

ಇವತ್ತು ಮಧ್ಯಾಹ್ನ ಅಪ್ಪನನ್ನು ಕರೆದುಕೊಂಡು ಮೈಸೂರಿನ ಅರಸು ರಸ್ತೆಗೆ ಹೋಗಿದ್ದೆ, ಒಂದು ಟ್ಯಾಬ್ ತರೋಣ ಅಂತ. ಬರಿಗೈಯಲ್ಲಿ ವಾಪಸ್ ಬಂದೆವು. ಬಂದು ಎರಡು ಗಂಟೆಯಾಯಿತು, ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಪುರುಸೊತ್ತಿದ್ದವರು ಓದಿ.

ಅಂಗಡಿ ಹುಡುಗನಿಗೆ ನಾನು ಹೇಳಿದ್ದು ಒಂದೇ ಮಾತು. "ಎಂಟು ಇಂಚಿನ ಆಸುಪಾಸಿನದು, ಚೆನ್ನಾಗಿರೋದು ಒಂದು ಟ್ಯಾಬ್ ತೋರಿಸಪ್ಪ."

ಅವನು ಕೇಳಿದ: "ಬಜೆಟ್ ಕಡಿಮೆನಾ ಮೇಡಂ?"

ಬಜೆಟ್ ಮಾತೇ ನಾನು ಎತ್ತಿರಲಿಲ್ಲ. ಅಳತೆ ಹೇಳಿದ್ದೆ, ಅಷ್ಟೇ. ಪಕ್ಕದಲ್ಲಿ ಅಪ್ಪ ನಿಂತಿದ್ದರು. ಅವರಿಗೆ ಕೇಳಿಸಿತು. ಕಾಸಿಗೆ ಹಿಂದೆ ಮುಂದೆ ನೋಡುತ್ತಿದ್ದೇವೆ ಅಂತ ಅವರಿಗೇ ಅನ್ನಿಸಿರಬೇಕು, "ಬೇಡ ಬಿಡು, ಇರೋದೇ ಸಾಕು" ಅಂದುಬಿಟ್ಟರು. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನ ಕೈಗೆ ಬರುವ ಮಾಲೇ ಹಾಗಿದೆ. ಚಿಕ್ಕ ಟ್ಯಾಬ್ ಅಂದರೆ ಅಗ್ಗದ ಟ್ಯಾಬ್ ಅಂತ ಅವನಿಗೆ ಕಲಿಸಿದವರು ಬೇರೆ.

ಚಪ್ಪಲಿ ಅಂಗಡಿಗೆ ಹೋಗಿ ಆರನೇ ನಂಬರ್ ಕೊಡಿ ಅಂದರೆ ಯಾರಾದರೂ ಬಜೆಟ್ ಕೇಳುತ್ತಾರಾ? ಆರಕ್ಕೂ ಹತ್ತಕ್ಕೂ ಅದೇ ಚರ್ಮ, ಅದೇ ಹೊಲಿಗೆ, ಅದೇ ಅಟ್ಟೆ. ಕಾಲು ಚಿಕ್ಕದು ಅಂತ ತೆಳ್ಳಗಿನ ಅಟ್ಟೆ ಹಾಕಿ ಕೊಟ್ಟರೆ ನಾವು ಸುಮ್ಮನಿರುತ್ತೇವಾ? ಟ್ಯಾಬ್ ವಿಷಯದಲ್ಲಿ ಎಷ್ಟೋ ವರ್ಷದಿಂದ ಸುಮ್ಮನಿದ್ದೇವೆ.

ಅಪ್ಪ ನಿಮಗೆಲ್ಲ ಗೊತ್ತು. ಹೈಸ್ಕೂಲ್ ಕನ್ನಡ ಮೇಷ್ಟ್ರಾಗಿ ರಿಟೈರ್ ಆದವರು. ಈಗ 76. ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ. ಊಟ ಆದಮೇಲೆ ಹಾಲಿನಲ್ಲಿ ಚಾಪೆ ಹಾಸಿ, ತಲೆ ಕೆಳಗೆ ಎರಡು ದಿಂಬಿಟ್ಟುಕೊಂಡು ಓದುವುದು ಅವರ ನಲವತ್ತು ವರ್ಷದ ಅಭ್ಯಾಸ. ಮೊದಲು ಪುಸ್ತಕ ಓದುತ್ತಿದ್ದರು. 2018ರಲ್ಲಿ ನಾನೊಂದು ಎಂಟು ಇಂಚಿನ ಟ್ಯಾಬ್ ತಂದುಕೊಟ್ಟ ಮೇಲೆ ಇಂಟರ್ನೆಟ್ ಆರ್ಕೈವ್ ಅನ್ನುವ ಜಾಲತಾಣದಲ್ಲಿರುವ ಹಳೇ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳನ್ನು ಓದಲು ಶುರುಮಾಡಿದರು. ತಾವು ಕಾಲೇಜಿನಲ್ಲಿದ್ದಾಗ ಲೈಬ್ರರಿಯಲ್ಲಿ ನೋಡಿ, ಆಮೇಲೆ ಎಲ್ಲೂ ಸಿಗದೇ ಹೋದ ಪುಸ್ತಕಗಳು ಅಲ್ಲಿ ಸಿಕ್ಕವು. ಆ ಖುಷಿ ನಾನು ಕಣ್ಣಾರೆ ಕಂಡಿದ್ದೇನೆ.

ಅವರು ಅದನ್ನು ಹಿಡಿಯುವ ರೀತಿ ನೋಡಬೇಕು. ಎಡಗೈ ಹೆಬ್ಬೆರಳು ಒಂದು ಅಂಚಿಗೆ, ಉಳಿದ ಬೆರಳುಗಳ ತುದಿ ಆಚೆ ಅಂಚಿಗೆ. ಒಂದೇ ಕೈ. ಬಲಗೈ ಖಾಲಿ, ಅದರಲ್ಲಿ ಪೆನ್ಸಿಲ್ಲು. ಎದೆ ಮೇಲೆ ನೋಟ್‌ಬುಕ್. ಓದುತ್ತಾ ಓದುತ್ತಾ ಒಂದೊಂದು ಪದ ಬರೆದುಕೊಳ್ಳುತ್ತಾರೆ.

ಕುತೂಹಲಕ್ಕೆ ಒಂದು ದಿನ ಸ್ಕೇಲ್ ಹಿಡಿದು ಅಳೆದೆ. ನಮ್ಮ ಸಾಮಾನ್ಯ ಕನ್ನಡ ಪುಸ್ತಕ, ಡೆಮಿ 1/8 ಅಳತೆಯದು, ಅದರಲ್ಲಿ ಅಂಚು ಬಿಟ್ಟು ಅಕ್ಷರ ಇರುವ ಜಾಗದ ಅಗಲ ಸುಮಾರು ಹತ್ತೂವರೆ ಸೆಂಟಿಮೀಟರ್. ಎಂಟು ಇಂಚಿನ ಟ್ಯಾಬಿನ ಪರದೆಯ ಅಗಲ ಹತ್ತೂಮುಕ್ಕಾಲು. ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ಪುಸ್ತಕದಲ್ಲಿ ಅಕ್ಷರ ಎಷ್ಟು ದೊಡ್ಡದಿತ್ತೋ ಇಲ್ಲೂ ಅಷ್ಟೇ ಕಾಣುತ್ತದೆ. ಕೈಯಲ್ಲಿ ಹಿಡಿಯುವ ಪುಸ್ತಕ ಎಷ್ಟಿರಬೇಕು ಅಂತ ನಮ್ಮ ಅಚ್ಚಿನ ಮನೆಯವರು ಎಂದೋ ಕಂಡುಕೊಂಡಿದ್ದರು. ಈ ಅಳತೆ ಅದರ ಪಕ್ಕಕ್ಕೇ ಬಂದು ನಿಲ್ಲುತ್ತದೆ.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಎರಡು ವರ್ಷದ ಹಿಂದೆ, ದೀಪಾವಳಿಗೆ, ನಾನೇ ಅಪ್ಪನಿಗೆ 11 ಇಂಚಿನದು ತಂದುಕೊಟ್ಟಿದ್ದೆ. ದೊಡ್ಡದಾದರೆ ಅವರ ಕಣ್ಣಿಗೆ ಒಳ್ಳೇದು ಅಂತ. ಕೇಳಲೇ ಇಲ್ಲ, ತಂದುಬಿಟ್ಟೆ. "ಚೆನ್ನಾಗಿದೆ ಮಗಾ" ಅಂದರು. ಒಂದು ವಾರ ಬಳಸಿದರು. ಆಮೇಲೆ ಅದು ಬೀರು ಸೇರಿತು, ಹಳೇದು ಮತ್ತೆ ಕೈಗೆ ಬಂತು. ನಾನು ರೇಗಿದೆ. ಅಷ್ಟು ದುಡ್ಡು ಕೊಟ್ಟು ತಂದಿದ್ದೇನೆ, ಬಳಸೋಕೆ ಏನು ಕಷ್ಟ ಅಂದೆ. ಅಪ್ಪ ಏನೂ ಹೇಳಲಿಲ್ಲ. ಆಮೇಲೊಂದು ದಿನ ಅಮ್ಮ ಹೇಳಿದರು, "ಅವರ ಮಣಿಕಟ್ಟು ನೋಯುತ್ತೆ ಕಣೇ, ನಿನಗೆ ಬೇಜಾರಾಗುತ್ತೆ ಅಂತ ಹೇಳಲ್ಲ." ಎರಡನ್ನೂ ಅಡುಗೆ ಮನೆಯ ತಕ್ಕಡಿ ಮೇಲೆ ಇಟ್ಟು ನೋಡಿದೆ. ದೊಡ್ಡದು ಕವರ್ ಸೇರಿ 720 ಗ್ರಾಂ. ಹಳೇದು 310. ಒಂದು ಗಂಟೆ ಮಲಗಿಕೊಂಡು ಒಂದೇ ಕೈಯಲ್ಲಿ ಮುಕ್ಕಾಲು ಕೇಜಿ ಎತ್ತಿ ಹಿಡಿಯಲು ನನ್ನಿಂದಲೂ ಆಗುವುದಿಲ್ಲ. ಆ ದಿನ ರೇಗಿದ್ದು ಇವತ್ತಿಗೂ ಚುಚ್ಚುತ್ತದೆ.

ಆಗಲೇ ನನಗೆ ಅರ್ಥವಾಗಿದ್ದು, ಚಿಕ್ಕದು ಅನ್ನುವುದು ಒಂದು ಅಗತ್ಯ. ದುಡ್ಡಿಲ್ಲದವರ ದರ್ಜೆ ಅಲ್ಲ.

ಇವತ್ತಿನ ಕಥೆಗೆ ಬರುತ್ತೇನೆ. ಹುಡುಗ ಎರಡು ಚಿಕ್ಕ ಟ್ಯಾಬ್ ತೆಗೆದ. ಎರಡೂ 8.7 ಇಂಚು. ತೂಕ ಸರಿ, ಹಿಡಿತ ಸರಿ. ನನ್ನ ಫೋನಿನಿಂದ ಒಂದು ಸ್ಕ್ಯಾನ್ ಪುಸ್ತಕ ಅದಕ್ಕೆ ಕಳಿಸಿ ಅಪ್ಪನ ಕೈಗೆ ಕೊಟ್ಟೆ. ಅರ್ಧ ಪುಟ ಓದಿ ಕನ್ನಡಕ ಮೇಲೆ ಕೆಳಗೆ ಮಾಡಿದರು. "ಇದು ದಕಾರವೋ ಧಕಾರವೋ ಗೊತ್ತಾಗ್ತಿಲ್ಲ" ಅಂದರು. ನಾನು ನೋಡಿದೆ. ನನಗೂ ಗೊತ್ತಾಗಲಿಲ್ಲ.

ಕನ್ನಡ ಓದುವವರು ಇದನ್ನು ಸ್ವಲ್ಪ ಗಮನಿಸಿ. ದ, ಧ, ಥ, ಈ ಮೂರಕ್ಕೂ ಇರುವ ವ್ಯತ್ಯಾಸ ಒಂದು ಸೀಳು, ಒಂದು ಚುಕ್ಕೆ. ಪ, ಫ, ಷ ಕೂಡ ಹಾಗೇ. ಪಲಕ್ಕೂ ಫಲಕ್ಕೂ ನಡುವೆ ಇರುವುದು ಕೂದಲೆಳೆಯಷ್ಟು ಗೆರೆ. ಇದರ ಮೇಲೆ ಒತ್ತಕ್ಷರ ಬೇರೆ. "ರಾಷ್ಟ್ರ", "ಸ್ತ್ರೀ" ಬರೆದರೆ ಒಂದು ಅಕ್ಷರದ ಕೆಳಗೆ ಎರಡು ಒತ್ತು. ಇಂಗ್ಲಿಷ್ ಅಕ್ಷರಕ್ಕೆ ಸಾಕಾಗುವ ಚುಕ್ಕೆಗಳು ಇದಕ್ಕೆ ಸಾಲುವುದಿಲ್ಲ. ಪರದೆಯಲ್ಲಿ ಚುಕ್ಕೆ ಕಡಿಮೆ ಇದ್ದರೆ ಒತ್ತುಗಳೆಲ್ಲ ಕರಗಿ ಒಂದು ಮಸಿ ಮುದ್ದೆ. ನಮ್ಮಂಥವರಿಗೆ ಒಳ್ಳೇ ಪರದೆ ಬೇಕಾಗಿರುವುದು ಸಿನಿಮಾ ನೋಡಲು ಅಲ್ಲ. ಥ ಮತ್ತು ಧ ಬೇರೆ ಬೇರೆ ಕಾಣಲು.

ಇಂಥ ಪರದೆ ಮಾಡಲು ಬರುವುದಿಲ್ಲವಾ? ಬರುತ್ತದೆ. ಬಂದು ಹತ್ತು ವರ್ಷದ ಮೇಲಾಯಿತು. 2013ರಲ್ಲಿ ಗೂಗಲ್ ತಂದ ನೆಕ್ಸಸ್ 7 ನೆನಪಿದೆಯಾ? ಏಳೇ ಇಂಚು. ಅದರ ಪರದೆ 1920×1200 ಚುಕ್ಕೆಗಳದ್ದು. ಅಮೆರಿಕದಲ್ಲಿ ಬೆಲೆ 229 ಡಾಲರ್. 2014ರಲ್ಲಿ ಸ್ಯಾಮ್‌ಸಂಗ್ ಟ್ಯಾಬ್ ಎಸ್ ಅಂತ 8.4 ಇಂಚಿನದು ತಂದಿತ್ತು. 2560×1600, ತೂಕ ಮುನ್ನೂರು ಗ್ರಾಂ ಒಳಗೆ. ಎಂಥ ಚೆಂದದ ವಸ್ತು ಅದು! ಅದೇ ಸ್ಯಾಮ್‌ಸಂಗ್ 2023ರಲ್ಲಿ ತಂದ ಟ್ಯಾಬ್ ಎ9 ನೋಡಿ. 8.7 ಇಂಚು, ಪರದೆ 1340×800. ಹತ್ತು ವರ್ಷದ ಹಿಂದಿನ ಏಳು ಇಂಚಿನಲ್ಲಿದ್ದ ಚುಕ್ಕೆಗಳ ಅರ್ಧವೂ ಇಲ್ಲ. ಇದರ ಜೊತೆಗೇ ಬಂದ 11 ಇಂಚಿನ ಎ9 ಪ್ಲಸ್‌ಗೆ 1920×1200 ಕೊಟ್ಟರು. ಒಂದೇ ಹೆಸರು, ಒಂದೇ ವರ್ಷ. ಒಳ್ಳೇ ಪರದೆ ದೊಡ್ಡದಕ್ಕೆ, ಮಂಕು ಪರದೆ ಚಿಕ್ಕದಕ್ಕೆ.

ಹಾಗಾದರೆ ದುಡ್ಡು ಕೊಟ್ಟು ಐಪ್ಯಾಡ್ ಮಿನಿ ತಗೋ ಅನ್ನುತ್ತೀರಿ. ಅಲ್ಲಿಗೇ ಬರುತ್ತಿದ್ದೆ.

2010ರಲ್ಲಿ ಐಪ್ಯಾಡ್ ಮಾಡುವ ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್ ಏಳು ಇಂಚಿನ ಟ್ಯಾಬ್‌ಗಳು ಹುಟ್ಟುವಾಗಲೇ ಸತ್ತವು ಅನ್ನುವ ಅರ್ಥದ ಮಾತಾಡಿದ್ದರು. ಅವರದೇ ಕಂಪನಿ 2012ರಲ್ಲಿ 7.9 ಇಂಚಿನ ಮಿನಿ ತಂದಿತು. ಬೆಲೆ 329 ಡಾಲರ್. ಆಗ ದೊಡ್ಡ ಐಪ್ಯಾಡಿಗೆ 499. ಆದರೆ ಒಳಗಿದ್ದ ಚಿಪ್ ಐಪ್ಯಾಡ್ 2ರದ್ದು, ಅಂದರೆ 2011ರದ್ದು. ಚಿಕ್ಕದಕ್ಕೆ ಹಳೇದು ಸಾಕು ಅನ್ನುವ ಬುದ್ಧಿ ಆಗಲೇ ಇತ್ತು. ಮಾರನೇ ವರ್ಷ, 2013ರಲ್ಲಿ, ಸರಿ ಮಾಡಿದರು. ಮಿನಿ 2 ಮತ್ತು ಐಪ್ಯಾಡ್ ಏರ್, ಎರಡಕ್ಕೂ ಎ7 ಚಿಪ್, ಎರಡಕ್ಕೂ 2048×1536 ಪರದೆ. ಬರೀ ಅಳತೆ ಬೇರೆ. ನಾನು ಕೇಳುತ್ತಿರುವುದು ಇದನ್ನೇ! ಚಪ್ಪಲಿ ಅಂಗಡಿಯ ನ್ಯಾಯ. ಒಂದು ವರ್ಷ ನಡೆಯಿತು. 2014ರಲ್ಲಿ ಏರ್ 2ಕ್ಕೆ ಹೊಸ ಚಿಪ್ ಬಂತು, ಮಿನಿ 3ಕ್ಕೆ ಅದೇ ಹಳೇ ಎ7, ಜೊತೆಗೆ ಬೆರಳಚ್ಚು ಗುರುತಿಸುವ ಒಂದು ಬಟನ್.

ಆಮೇಲೆ ಮರೆತೇಬಿಟ್ಟರು. 2015ರಲ್ಲಿ ಮಿನಿ 4 ಬಂತು, ಮುಂದಿನದು 2019ರಲ್ಲಿ. ಅದಾದ ಮೇಲೆ 2021. ಅದಾದ ಮೇಲೆ 2024. ವರ್ಷಗಟ್ಟಲೆ ಕಾಯಿಸಿ ತಂದಾಗಲೂ ಪರದೆ ಅದೇ 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವಂಥದ್ದು. ಬೆಲೆ ಮಾತ್ರ ತಲೆಕೆಳಗಾಯಿತು. ಇಲ್ಲಿ 2024ರ ಮಿನಿಗೆ 49,900 ರೂಪಾಯಿ ಇಟ್ಟರು. 2025ರ ಮಾರ್ಚ್‌ನಲ್ಲಿ ಬಂದ ಸಾಮಾನ್ಯ ಐಪ್ಯಾಡಿಗೆ 34,900. ಅವತ್ತು ಚಿಕ್ಕದು ಕಡಿಮೆ ಬೆಲೆಗೆ ಸಿಗುತ್ತಿತ್ತು, 2025ರ ಹೊತ್ತಿಗೆ ಚಿಕ್ಕದಕ್ಕೆ ಹದಿನೈದು ಸಾವಿರ ಜಾಸ್ತಿ. ಮಿನಿಯ ಚಿಪ್ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಪುಸ್ತಕ ಓದುವ ಮನುಷ್ಯನಿಗೆ ಆ ಚಿಪ್ ಏಕೆ? ಕೊಡಬೇಕಾದ್ದು ಪರದೆ, ಕೊಡುತ್ತಿರುವುದು ವೇಗ.

ಹೀಗಾಗಿ ಒಂದು ಕಡೆ ಹತ್ತು ಹನ್ನೆರಡು ಸಾವಿರದ ಮಂಕು ಪರದೆ. ಇನ್ನೊಂದು ಕಡೆ ಐವತ್ತು ಸಾವಿರ. ನಡುವೆ ಇಪ್ಪತ್ತು ಇಪ್ಪತ್ತೈದು ಸಾವಿರ ಹಿಡಿದುಕೊಂಡು ನಿಂತವರಿಗೆ ನಾನು ನೋಡಿದ ಒಂದು ಅಂಗಡಿಯಲ್ಲೂ ಏನೂ ಇಲ್ಲ. ಆ ಬೆಲೆಗೆ ಬೇಕಾದಷ್ಟು ಟ್ಯಾಬ್ ಇವೆ, ಎಲ್ಲವೂ ದೊಡ್ಡವು. ದುಡ್ಡು ಜಾಸ್ತಿ ಕೊಡುತ್ತೇನೆ ಅಂದರೆ ಇಂಚು ಜಾಸ್ತಿ ಕೊಡುತ್ತಾರೆ. ನನಗೆ ಇಂಚು ಬೇಡ!

ತಮ್ಮನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದರೆ, "ಈಗ ಫೋನೇ ಆರೂಮುಕ್ಕಾಲು ಇಂಚು ಇದೆ ಅಕ್ಕಾ, ಚಿಕ್ಕ ಟ್ಯಾಬ್ ಯಾರಿಗೆ ಬೇಕು" ಅಂದ. ಈ ಮಾತು ಎಲ್ಲರೂ ಹೇಳುತ್ತಾರೆ. ಕೇಳಲು ಸರಿ ಅನ್ನಿಸುತ್ತದೆ. ಆದರೆ ಇಂಚು ಅಳೆಯುವುದು ಮೂಲೆಯಿಂದ ಮೂಲೆಗೆ. ಫೋನ್ ಬೆಳೆದಿರುವುದು ಉದ್ದಕ್ಕೆ, ಪಡವಲಕಾಯಿ ಹಾಗೆ. ಆರೂಮುಕ್ಕಾಲು ಇಂಚಿನ ಫೋನಿನ ಪರದೆಯ ಅಗಲ ಏಳು ಸೆಂಟಿಮೀಟರ್. ಹತ್ತೂವರೆ ಸೆಂಟಿಮೀಟರಿನ ಸಾಲನ್ನು ಏಳಕ್ಕೆ ಕುಗ್ಗಿಸಿದರೆ ಅಕ್ಷರ ಸಾಸಿವೆ ಆಗುತ್ತದೆ. ದೊಡ್ಡದು ಮಾಡಿಕೊಂಡರೆ ಪ್ರತಿ ಸಾಲಿಗೂ ಪುಟವನ್ನು ಆಚೆ ಈಚೆ ಎಳೆಯಬೇಕು. ಸ್ಕ್ಯಾನ್ ಮಾಡಿದ ಪುಟ ಫೋನಿಗೆ ತಕ್ಕಂತೆ ಮಡಚಿಕೊಳ್ಳುವುದಿಲ್ಲ, ಅದು ಫೋಟೋ. ತಮ್ಮ ಫೋನಿನಲ್ಲಿ ಓದುವುದು ವಾಟ್ಸಾಪ್. ಅಪ್ಪ ಓದುವುದು ಮುನ್ನೂರು ಪುಟದ ಪುಸ್ತಕ.

ಜನ ಕೊಳ್ಳುವುದಿಲ್ಲ, ಅದಕ್ಕೆ ಮಾಡುವುದಿಲ್ಲ ಅಂತಲೂ ಹೇಳುತ್ತಾರೆ. ಕೊಳ್ಳುವಂಥದ್ದು ಇಟ್ಟರೆ ತಾನೇ ಕೊಳ್ಳುವುದು? ಹಳಸಿದ ಅನ್ನ ಇಟ್ಟು, ಇವರಿಗೆ ಹಸಿವಿಲ್ಲ ಅಂದರೆ ಹೇಗೆ?

ಈ "ಚಿಕ್ಕದು ಅಂದರೆ ಅಗ್ಗದ್ದು" ನಮ್ಮ ದೇಶದಲ್ಲಿ ಗಟ್ಟಿಯಾಗಿ ಕೂತಿದ್ದರಲ್ಲಿ ಆಕಾಶ್ ಟ್ಯಾಬಿನದೂ ಪಾಲಿದೆ ಅಂತ ನನಗೆ ಅನ್ನಿಸುತ್ತದೆ. 2011ರ ಅಕ್ಟೋಬರ್‌ನಲ್ಲಿ ಆಗಿನ ಕೇಂದ್ರ ಮಾನವ ಸಂಪನ್ಮೂಲ ಸಚಿವ ಕಪಿಲ್ ಸಿಬಲ್ ಬಿಡುಗಡೆ ಮಾಡಿದ್ದು. ಏಳು ಇಂಚು. ಸರ್ಕಾರ ಕೊಂಡ ಬೆಲೆ ಎರಡೂಕಾಲು ಸಾವಿರದ ಆಸುಪಾಸು. ಪ್ರತಿ ವಿದ್ಯಾರ್ಥಿಯ ಕೈಗೂ ಒಂದು ಅನ್ನುವ ಆಸೆ ದೊಡ್ಡದೇ, ಅದನ್ನು ನಾನು ಇವತ್ತಿಗೂ ಗೌರವಿಸುತ್ತೇನೆ. ಆದರೆ ಒಳಗೆ 256 ಎಂಬಿ ರ‍್ಯಾಮ್, ಒತ್ತಿ ಒತ್ತಿ ಮುಟ್ಟಬೇಕಾದ ಪರದೆ. ಸೋತಿದ್ದು ಒಳಗಿನ ಸಾಮಾನು. ಹೆಸರು ಕೆಟ್ಟಿದ್ದು ಆ ಅಳತೆಯದ್ದು.

ಮನೆಗೆ ಬಂದಮೇಲೆ ಅಪ್ಪ ಹಳೇ ಟ್ಯಾಬನ್ನು ಚಾರ್ಜಿಗೆ ಹಾಕಿದರು. ವೈರು ಸಡಿಲ, ಒಂದು ಕೋನದಲ್ಲಿ ಬಾಗಿಸಿ ರಬ್ಬರ್ ಬ್ಯಾಂಡ್ ಸುತ್ತಿದರೆ ಮಾತ್ರ ಹಿಡಿಯುತ್ತದೆ. ಬ್ಯಾಟರಿ ಒಂದೂವರೆ ಗಂಟೆ ಬರುತ್ತದೆ. ಕೊಂಡ ಎರಡನೇ ವರ್ಷಕ್ಕೇ ಕಂಪನಿ ಅಪ್‌ಡೇಟ್ ನಿಲ್ಲಿಸಿತು. ಒಂದೊಂದೇ ಆ್ಯಪ್ "ಇದು ನಿಮ್ಮ ಸಾಧನದಲ್ಲಿ ನಡೆಯುವುದಿಲ್ಲ" ಅನ್ನುತ್ತಾ ಬಂತು. ಮೊದಲು ಬ್ಯಾಂಕಿನದು, ಆಮೇಲೆ ಪೇಪರಿನದು. ಪುಸ್ತಕ ತೆರೆಯುವ ಆ್ಯಪ್ ಒಂದು ಉಳಿದಿದೆ. ಪರದೆಗೆ ಏನೂ ಆಗಿಲ್ಲ, ಇವತ್ತಿಗೂ ಥ ಥವೇ, ಧ ಧವೇ.

ಹೊಸದು ಹುಡುಕುವುದನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ಇದಕ್ಕೇ ಹೊಸ ಬ್ಯಾಟರಿ, ಹೊಸ ಚಾರ್ಜಿಂಗ್ ಪೋರ್ಟ್ ಹಾಕಿಸಬೇಕು. ಮೈಸೂರಿನಲ್ಲಿ ಮೂರು ಕಡೆ ಕೇಳಿದೆ, ಪಾರ್ಟ್ ಸಿಗಲ್ಲ ಅಂದರು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹಳೇ ಟ್ಯಾಬ್ ಬಿಚ್ಚಿ ಕೆಲಸ ಮಾಡುವ, ನಂಬಬಹುದಾದವರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ಮೆಸೆಂಜರಿನಲ್ಲಿ ಹೇಳಿ. ಶನಿವಾರ ರಜೆ ಹಾಕಿದ್ದೇನೆ, ಬೆಳಗಿನ ರೈಲಿಗೆ ಹೊರಡುತ್ತೇನೆ.